‘ಪ್ರದಾನ್’ ದತ್ತಾಂಶ ಸೇವೆ: ತೆರಿಗೆ ಕಟ್ಟಿದವನೊಬ್ಬನ ವಿಮರ್ಶೆ

ಪಡಿತರ ಅಂಗಡಿ, ಸಾರಿಗೆ ಬಸ್ಸು, ನಾಡಕಚೇರಿ ಇವುಗಳ ಬಗ್ಗೆ ಅಭಿಪ್ರಾಯವಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅವುಗಳಷ್ಟೇ ನಮ್ಮ ಹಣದಿಂದ ನಡೆಯುವ, ಯಾವ ಸರದಿಯೂ ಇಲ್ಲದೆ ಮನೆಯಲ್ಲೇ ಕುಳಿತು ಬಳಸಬಹುದಾದ ಇನ್ನೊಂದು ಸರ್ಕಾರಿ ಸೇವೆಯ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಇಸ್ರೋದ ವಿಜ್ಞಾನ ನೌಕೆಗಳು ಕಳುಹಿಸುವ ದತ್ತಾಂಶವನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುವ ‘ಪ್ರದಾನ್’ ಎಂಬ ಜಾಲತಾಣ ಅದು. ಹೆಸರು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದಾದರೂ ಕೊಡುವುದು ಎಂಬ ಅರ್ಥ ತಾನಾಗಿಯೇ ಬಂದು ಕೂತಿದೆ. ಪ್ರಶಸ್ತಿ ಸಮಾರಂಭಗಳ ಆಹ್ವಾನ ಪತ್ರಿಕೆಗಳಲ್ಲಿ ‘ಪ್ರದಾನ’ವನ್ನು ‘ಪ್ರಧಾನ’ ಎಂದು ಅಚ್ಚು ಹಾಕಿಸುವ ನಮ್ಮ ಜನ ಇದನ್ನಾದರೂ ಸರಿಯಾಗಿ ಬರೆಯಲಿ ಎಂದು ಆರಂಭದಲ್ಲೇ ವಿನಂತಿಸಿಕೊಳ್ಳುತ್ತೇನೆ.

ನಾನು ತುಮಕೂರು ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಪ್ರತಿ ಬಾರಿ ಶ್ರೀಹರಿಕೋಟಾದಿಂದ ರಾಕೆಟ್ ಏರಿದಾಗಲೂ ‘ಈ ಖರ್ಚು ನಮ್ಮಂಥ ದೇಶಕ್ಕೆ ಬೇಕಿತ್ತೇ’ ಎಂಬ ಪ್ರಶ್ನೆ ಸಿಬ್ಬಂದಿ ಕೊಠಡಿಯಲ್ಲಿ ಏಳುತ್ತಿತ್ತು, ಒಬ್ಬರು ಹೆಮ್ಮೆಯಿಂದಲೂ ಇನ್ನೊಬ್ಬರು ಸಿಟ್ಟಿನಿಂದಲೂ ಉತ್ತರ ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಹಣ ಕೊಟ್ಟು ತರಿಸಿದ ಪೊಟ್ಟಣವನ್ನು ಬಿಚ್ಚಿಯೇ ನೋಡದೆ ಅದು ಲಾಭವೋ ನಷ್ಟವೋ ಎಂದು ವಾದಿಸುವುದು ವಿಚಿತ್ರವೆಂದು ನನಗೆ ಅನ್ನಿಸಿದ್ದು ನಿವೃತ್ತಿಯ ಬಳಿಕ. ಆದ್ದರಿಂದ ಎರಡು ವರ್ಷಗಳಿಂದ ಪೊಟ್ಟಣವನ್ನು ಬಿಚ್ಚಿ ನೋಡುತ್ತಿದ್ದೇನೆ. ಈ ಬರಹ ಅದರ ವರದಿ.

ಸೇವೆಯ ಮೂಲ ಇರುವುದು ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಗ್ರಾಮದಲ್ಲಿ. 2008ರಲ್ಲಿ ಚಂದ್ರಯಾನ-1ಕ್ಕಾಗಿ ಅಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಎರಡು ಬೃಹತ್ ಆಂಟೆನಾಗಳನ್ನು ನಿಲ್ಲಿಸಲಾಯಿತು. ಅವುಗಳ ಮಗ್ಗುಲಲ್ಲೇ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ತಲೆಯೆತ್ತಿತು. ಚಂದ್ರನಿಂದ, ಮಂಗಳದಿಂದ, ಈಗ ಸೂರ್ಯನತ್ತ ಮುಖ ಮಾಡಿ ನಿಂತಿರುವ ಆದಿತ್ಯ-ಎಲ್1ರಿಂದ ಬರುವ ಕ್ಷೀಣ ಸಂಕೇತಗಳು ಈ ಕೇಂದ್ರಕ್ಕೆ ಸೇರಿ, ಶುದ್ಧೀಕರಣಗೊಂಡು, ಕಡತಗಳ ರೂಪ ಪಡೆಯುತ್ತವೆ. ಮೊದಲು ಉಪಕರಣ ಕಟ್ಟಿದ ವಿಜ್ಞಾನಿಗಳಿಗೆ ಅವುಗಳ ಮೇಲೆ ಕೆಲಕಾಲ ಹಕ್ಕಿರುತ್ತದೆ, ಆಮೇಲೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಚಂದ್ರಯಾನ-2ರ ದತ್ತಾಂಶ ಹೀಗೆ ತೆರೆದದ್ದು 2020ರ ಡಿಸೆಂಬರಿನಲ್ಲಿ. ಚಂದ್ರಯಾನ-3ರದ್ದು 2024ರ ಆಗಸ್ಟ್ 23ರಂದು, ಅಂದರೆ ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು. ಆದಿತ್ಯ-ಎಲ್1ರ ಮೊದಲ ಕಂತು 2025ರ ಜನವರಿಯಲ್ಲಿ ಬಂದಿತು.

ಬಳಸುವ ಕ್ರಮ ಸರಳ. ಹೆಸರು, ಮಿಂಚಂಚೆ ವಿಳಾಸ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಬಳಿಕ ನೌಕೆಯನ್ನೂ ಉಪಕರಣವನ್ನೂ ದಿನಾಂಕವನ್ನೂ ಆರಿಸಿ ಕಡತಗಳನ್ನು ಇಳಿಸಿಕೊಳ್ಳಬಹುದು. ಆದರೆ ಇಳಿಸಿಕೊಂಡ ಕಡತ ಫೋನಿನಲ್ಲಿ ತಟ್ಟಿದೊಡನೆ ತೆರೆದುಕೊಳ್ಳುವ ಛಾಯಾಚಿತ್ರವಲ್ಲ ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. ಚಂದ್ರಯಾನ-2ರ ಕಕ್ಷಾನೌಕೆಯಲ್ಲಿರುವ ಅತಿ ಸೂಕ್ಷ್ಮ ಕ್ಯಾಮೆರಾ, ಅಂದರೆ ಓಎಚ್‌ಆರ್‌ಸಿ, 100 ಕಿ.ಮೀ. ಎತ್ತರದಿಂದ ಚಂದ್ರನ ನೆಲವನ್ನು ನೋಡುವಾಗ ಚಿತ್ರದ ಪ್ರತಿ ಚುಕ್ಕಿಯೂ, ಅಂದರೆ ಪಿಕ್ಸೆಲ್ಲೂ, ನೆಲದ ಮೇಲಿನ ಸುಮಾರು 25 ಸೆಂ.ಮೀ.ಗೆ ಸಮ. ಹೀಗಾಗಿ ಮೂರು ಕಿ.ಮೀ. ಅಗಲದ ಒಂದು ಪಟ್ಟಿಯ ಚಿತ್ರವೂ ಗಿಗಾಬೈಟ್ ಲೆಕ್ಕದಲ್ಲಿ ತೂಗುತ್ತದೆ. ಚಿತ್ರದ ಜೊತೆಯಲ್ಲಿ ಬರುವ ಚೀಟಿಯಂಥ ಪುಟ್ಟ ಕಡತದಲ್ಲಿ ಆ ಕ್ಷಣದಲ್ಲಿ ನೌಕೆ ಎಲ್ಲಿತ್ತು, ಸೂರ್ಯ ಎಷ್ಟು ಎತ್ತರದಲ್ಲಿದ್ದ ಎಂಬ ವಿವರಗಳಿರುತ್ತವೆ. ಈ ಚೀಟಿಯನ್ನು ಓದಲು ಕಲಿತವನಿಗೆ ಮಾತ್ರ ಚಿತ್ರ ಮಾತನಾಡುತ್ತದೆ. ಇವನ್ನು ತೆರೆಯಲು ‘ಕ್ಯೂಜಿಐಎಸ್’ ಎಂಬ ಉಚಿತ ನಕ್ಷೆ ತಂತ್ರಾಂಶ ಸಾಕಾಗುತ್ತದೆ.

ನಾನು ಮೊದಲ ಪಟ್ಟಿಯನ್ನು ತೆರೆದ ದಿನ ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದ ದ್ವಿತೀಯ ಪಿಯುಸಿಯ ಮೂವರು ಮಕ್ಕಳೂ ಇದ್ದರು. ಪರದೆಯ ತುಂಬ ಬೂದಿ ಬಣ್ಣ, ಅಲ್ಲಲ್ಲಿ ಕುಳಿಗಳು. ಐದು ನಿಮಿಷ ಕಳೆಯುವಷ್ಟರಲ್ಲಿ ಮಕ್ಕಳಿಗೆ ಬೇಸರ ಹತ್ತುವ ಲಕ್ಷಣ ಕಂಡಿತು. ಚಿತ್ರವನ್ನು ಹಿಗ್ಗಿಸುತ್ತಾ ಹೋದಂತೆ ಒಂದು ಕುಳಿಯ ಅಂಚಿನಲ್ಲಿ ಬಿಳಿ ಚುಕ್ಕೆಯೂ ಅದರ ಪಕ್ಕದಲ್ಲಿ ಕಪ್ಪು ಗೀರೂ ಕಾಣಿಸಿದವು. ‘ಸಾರ್, ಇದು ಕಲ್ಲಾ? ಎಷ್ಟು ಎತ್ತರ ಇರಬಹುದು?’ ಎಂದು ಒಬ್ಬ ಹುಡುಗಿ ಕೇಳಿದಳು. ಗೀರನ್ನು ಎಣಿಸಿದೆವು, 14 ಚುಕ್ಕಿ, ಅಂದರೆ ನೆರಳಿನ ಉದ್ದ ಮೂರೂವರೆ ಮೀಟರ್. ಚೀಟಿಯ ಪ್ರಕಾರ ಸೂರ್ಯನ ಎತ್ತರ 20 ಡಿಗ್ರಿಯ ಹತ್ತಿರ. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ತೆಂಗಿನ ಮರದ ಎತ್ತರ ಕಂಡುಹಿಡಿಯುವ ಲೆಕ್ಕವನ್ನು ಯಾವ ಮಗು ತಾನೇ ಮಾಡಿಲ್ಲ? ಅದೇ ಲೆಕ್ಕ ಇಲ್ಲೂ ನಡೆಯಿತು. ಉತ್ತರ ಸುಮಾರು ಒಂದೂಕಾಲು ಮೀಟರ್ ಬಂತು, ಹುಡುಗಿಯ ಎದೆಮಟ್ಟದ ಒಂದು ಬಂಡೆ. ನೆಲ ಇಳಿಜಾರಾಗಿದ್ದರೆ ಉತ್ತರ ಬದಲಾಗುತ್ತದಲ್ಲವೇ ಎಂದು ಇನ್ನೊಬ್ಬ ತಕರಾರು ತೆಗೆದ. ಆ ತಕರಾರನ್ನು ಬಗೆಹರಿಸಲು ಇನ್ನೊಂದು ಕೋನದಿಂದ ತೆಗೆದ ಚಿತ್ರ ಬೇಕಾಯಿತು, ಅದನ್ನು ಹುಡುಕುವುದರಲ್ಲಿ ಮೂರು ಸಂಜೆಗಳು ಕಳೆದವು. ಮೂವತ್ತು ವರ್ಷಗಳ ಬೋಧನೆಯಲ್ಲಿ ತ್ರಿಕೋನಮಿತಿಗಾಗಿ ಮಕ್ಕಳು ಮೂರು ಸಂಜೆ ತಾವಾಗಿ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಇನ್ನು ಬೆಲೆಯ ವಿಚಾರ. ಪ್ರಕಟವಾಗಿರುವ ಯೋಜನಾ ವೆಚ್ಚಗಳನ್ನು ತೆಗೆದುಕೊಂಡರೆ ಚಂದ್ರಯಾನ-1ಕ್ಕೆ ₹386 ಕೋಟಿ, ಮಂಗಳಯಾನಕ್ಕೆ ₹450 ಕೋಟಿ, ಆಸ್ಟ್ರೋಸ್ಯಾಟ್ ಎಂಬ ಬಾಹ್ಯಾಕಾಶ ದೂರದರ್ಶಕಕ್ಕೆ ₹178 ಕೋಟಿ, ಚಂದ್ರಯಾನ-2ಕ್ಕೆ ₹978 ಕೋಟಿ, ಚಂದ್ರಯಾನ-3ಕ್ಕೆ ₹615 ಕೋಟಿ, ಆದಿತ್ಯ-ಎಲ್1ಕ್ಕೆ ₹400 ಕೋಟಿಯ ಆಸುಪಾಸು. ಎಲ್ಲ ಸೇರಿ ಮೂರು ಸಾವಿರ ಕೋಟಿ. 140 ಕೋಟಿ ಜನರಿಗೆ ಹಂಚಿದರೆ ಒಂದೂವರೆ ದಶಕಕ್ಕೆ ತಲೆಗೆ ಸುಮಾರು ₹21, ಅಂದರೆ ದರ್ಶಿನಿಯ ಒಂದು ಲೋಟ ಕಾಫಿ.

ಈ ಕಾಫಿಯ ಲೆಕ್ಕವನ್ನು ಒಮ್ಮೆ ಹಾಕಿ ತೋರಿಸಿದ್ದೇನೆ, ಇನ್ನು ಅದನ್ನು ಮರೆತುಬಿಡುವುದು ಒಳ್ಳೆಯದು. 140 ಕೋಟಿಯಿಂದ ಭಾಗಿಸಿದರೆ ಯಾವ ದುಂದುವೆಚ್ಚವೂ ಚಿಲ್ಲರೆಯಾಗಿಯೇ ಕಾಣುತ್ತದೆ. ಮಂಗಳಯಾನದ ಖರ್ಚನ್ನು ಕಿ.ಮೀ. ಲೆಕ್ಕದಲ್ಲಿ ಆಟೋ ಬಾಡಿಗೆಯೊಂದಿಗೆ ಹೋಲಿಸಿದ್ದೂ ಇದೇ ಜಾಣ್ಮೆಯ ಇನ್ನೊಂದು ರೂಪ. ಜೊತೆಗೆ, ಹಿಂದಿನಿಂದ ಕಟ್ಟಿಕೊಂಡು ಬಂದ ಪ್ರಯೋಗಾಲಯ, ಉಡಾವಣಾ ಕೇಂದ್ರ, ಆಂಟೆನಾಗಳ ಖರ್ಚೆಲ್ಲ ಒಂದು ಯೋಜನೆಯ ಬೆಲೆಚೀಟಿಯಲ್ಲಿ ಪೂರ್ತಿಯಾಗಿ ಸೇರುವುದಿಲ್ಲ. ಸರಿಯಾದ ಹೋಲಿಕೆ ಬೇಕಾದರೆ ಬಾಹ್ಯಾಕಾಶ ಇಲಾಖೆಯ ಒಟ್ಟು ಬಜೆಟ್ಟನ್ನೇ ನೋಡಬೇಕು. 2024-25ರಲ್ಲಿ ಅದಕ್ಕೆ ಮೀಸಲಿಟ್ಟದ್ದು ₹13,042 ಕೋಟಿ. ಆ ವರ್ಷದ ಕೇಂದ್ರ ಸರ್ಕಾರದ ಒಟ್ಟು ವೆಚ್ಚದ ಅಂದಾಜು ₹48 ಲಕ್ಷ ಕೋಟಿಯನ್ನು ಮೀರಿತ್ತು, ಅಂದರೆ ನೂರು ರೂಪಾಯಿಗೆ ಇಪ್ಪತ್ತೇಳು ಪೈಸೆ. ಈ ಇಪ್ಪತ್ತೇಳು ಪೈಸೆಯಲ್ಲೂ ಬಹುಪಾಲು ರಾಕೆಟ್, ಸಂವಹನ ಉಪಗ್ರಹ, ದೂರಸಂವೇದಿ, ದಿಕ್ಸೂಚಿ, ಗಗನಯಾನಗಳಿಗೆ ಹೋಗುತ್ತದೆ. ವಿಜ್ಞಾನ ಎಂಬ ಶೀರ್ಷಿಕೆಯಡಿ ನೇರವಾಗಿ ಬರುವುದು ಸಣ್ಣದೊಂದು ಪಾಲು.

ಇಲ್ಲಿಯೇ ಇನ್ನೊಂದು ಗೊಂದಲವನ್ನೂ ತೊಡೆದು ಹಾಕಬೇಕು. ಬಾಹ್ಯಾಕಾಶ ಕ್ಷೇತ್ರಕ್ಕೆ ಹಾಕಿದ ಒಂದು ರೂಪಾಯಿ ₹2.54 ಆಗಿ ಸಮಾಜಕ್ಕೆ ಮರಳುತ್ತದೆ ಎಂಬ ಅಧ್ಯಯನವೊಂದನ್ನು 2024ರಲ್ಲಿ ಇಸ್ರೋ ಮುಂದಿಟ್ಟಿತು. ಆ ಅಂಕಿ ಇಡೀ ಕ್ಷೇತ್ರಕ್ಕೆ ಸಂಬಂಧಿಸಿದ್ದು. ಟಿವಿ ವಾಹಿನಿ, ಮೀನುಗಾರರಿಗೆ ಕೊಡುವ ಸೂಚನೆ, ಚಂಡಮಾರುತದ ಮುನ್ನೆಚ್ಚರಿಕೆ ಇವೆಲ್ಲವೂ ತಂದ ಲಾಭವನ್ನು ಚಂದ್ರನ ಬಂಡೆಯ ಖಾತೆಗೆ ಜಮಾ ಮಾಡುವುದು ಪ್ರಾಮಾಣಿಕವಲ್ಲ. ವಿಜ್ಞಾನ ನೌಕೆಗಳನ್ನು ವಿಜ್ಞಾನದ ಫಲದಿಂದಲೇ ತೂಗಬೇಕು. ತೂಗಿ ನೋಡೋಣ.

ಚಂದ್ರಯಾನ-1 ಎರಡು ವರ್ಷ ನಡೆಯಬೇಕಿದ್ದದ್ದು 312 ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಆದರೂ ಅದರಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ನೆಲದಲ್ಲಿ ನೀರು ಮತ್ತು ಹೈಡ್ರಾಕ್ಸಿಲ್ ಅಣುಗಳ ಗುರುತನ್ನು ಕಂಡುಹಿಡಿಯಿತು. ಅದು 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಬಳಿಕ ಚಂದ್ರನ ಧ್ರುವಗಳತ್ತ ಇಡೀ ಜಗತ್ತಿನ ಗಮನ ತಿರುಗಿತು. ಉಪಕರಣ ಅವರದಾದರೇನು, ಅದನ್ನು ಹೊತ್ತೊಯ್ದ ಬಂಡಿ ನಮ್ಮದಲ್ಲವೇ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ, ನಾನು ಹಾಗೆ ಸಮಾಧಾನ ಪಟ್ಟುಕೊಳ್ಳಬೇಕಾದ ಅಗತ್ಯವನ್ನೇ ಕಾಣುವುದಿಲ್ಲ. 11 ಉಪಕರಣಗಳಲ್ಲಿ ಆರನ್ನು ಹೊರಗಿನವರಿಗೆ ಬಿಟ್ಟುಕೊಟ್ಟ ಆ ನಿರ್ಧಾರವೇ ನಮ್ಮ ಬಾಹ್ಯಾಕಾಶ ವಿಜ್ಞಾನದ ಅತ್ಯಂತ ಲಾಭದಾಯಕ ನಿರ್ಧಾರಗಳಲ್ಲೊಂದು.

ಮಂಗಳಯಾನದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉದಾರವಲ್ಲ. ಮೊದಲ ಯತ್ನದಲ್ಲೇ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದ್ದು, ಆರು ತಿಂಗಳಿಗೆಂದು ಕಳುಹಿಸಿದ ನೌಕೆ 2022ರವರೆಗೆ ಬಾಳಿದ್ದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ಐದೂ ಉಪಕರಣಗಳ ಒಟ್ಟು ತೂಕ 15 ಕೆ.ಜಿ. ಇದ್ದ ಆ ನೌಕೆಯಿಂದ ಬಂದ ವಿಜ್ಞಾನ ತೆಳುವಾಗಿತ್ತು, ಬಹು ನಿರೀಕ್ಷೆಯ ಮೀಥೇನ್ ಮಾಪಕ ಮೀಥೇನನ್ನು ಅಳೆದು ಕೊಡಲಿಲ್ಲ. ಅದು ದಾರಿ ಕಲಿಯುವ ಪ್ರಯಾಣವಾಗಿತ್ತು ಎಂದು ಮೊದಲೇ ಹೇಳಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ನನ್ನ ಲೆಕ್ಕದಲ್ಲಿ ಅತ್ಯುತ್ತಮ ಖರೀದಿ ಆಸ್ಟ್ರೋಸ್ಯಾಟ್. ಇದರ ದತ್ತಾಂಶವೂ ಬ್ಯಾಲಾಳಿನ ಅದೇ ಕೇಂದ್ರದಿಂದಲೇ ಬರುತ್ತದೆ, ಆದರೆ ಬೇರೊಂದು ಬಾಗಿಲಿನ ಮೂಲಕ. ಚಂದ್ರಯಾನದಂತೆ ಇದರ ಹೆಸರನ್ನು ಮಕ್ಕಳಿಗೆ ಇಡಲಿಲ್ಲ, ಇದಕ್ಕಾಗಿ ಯಾರೂ ಪಟಾಕಿ ಹೊಡೆಯಲಿಲ್ಲ. 2015ರ ಸೆಪ್ಟೆಂಬರ್ 28ರಂದು ಏರಿದ ಈ ದೂರದರ್ಶಕ ಐದು ವರ್ಷ ಬಾಳಿದರೆ ಸಾಕೆಂದು ರೂಪುಗೊಂಡಿತ್ತು, ಹತ್ತನೆಯ ವರ್ಷದಲ್ಲೂ ಕೆಲಸ ಮಾಡುತ್ತಿತ್ತು. ಅತಿನೇರಳೆಯಿಂದ ಹಿಡಿದು ತೀಕ್ಷ್ಣ ಎಕ್ಸ್-ಕಿರಣಗಳವರೆಗೆ ಆಕಾಶದ ಒಂದೇ ಕಾಯವನ್ನು ಏಕಕಾಲದಲ್ಲಿ ನೋಡಬಲ್ಲದ್ದು ಇದರ ವಿಶೇಷ. ಅತಿನೇರಳೆ ದೂರದರ್ಶಕವನ್ನು ಕಟ್ಟುವ ಹೊಣೆ ಹೊತ್ತದ್ದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಅದನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಅದರ ಪ್ರಯೋಗಾಲಯದಲ್ಲಿ. ಕಣ್ಣಿಗೆ ಕಾಣದಷ್ಟು ತೆಳುವಾದ ಕೊಳೆ ಕೂತರೂ ಅತಿನೇರಳೆ ಕಿರಣಕ್ಕೆ ಕನ್ನಡಿ ಮಂಕಾಗುತ್ತದೆ. ಲಾರಿಗಳ ಧೂಳಿಗೆ ಹೆಸರಾದ ಹೆದ್ದಾರಿಯ ಸೆರಗಿನಲ್ಲೇ ಅಂಥ ಶುದ್ಧ ಕೊಠಡಿಯೊಂದು ಇದೆಯೆಂಬುದು ಆ ದಾರಿಯಲ್ಲಿ ಓಡಾಡುವ ಎಷ್ಟು ಮಂದಿಗೆ ಗೊತ್ತು? 2018ರಲ್ಲಿ ಈ ದೂರದರ್ಶಕದ ಒಂದು ಕಣ್ಣು, ಅಂದರೆ ಸಮೀಪ ಅತಿನೇರಳೆ ಭಾಗ, ನಿಂತುಹೋಯಿತು. ಉಳಿದ ಕಣ್ಣಿನಿಂದಲೇ ಕೆಲಸ ಮುಂದುವರಿಯಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಿಂದ ಹೊರಟ ತೀವ್ರ ಅತಿನೇರಳೆ ಬೆಳಕನ್ನು ಈ ಪುಟ್ಟ ದೂರದರ್ಶಕ ಹಿಡಿದದ್ದು 2020ರಲ್ಲಿ ಪ್ರಕಟವಾಯಿತು. ಇದರ ಕನ್ನಡಿಯ ವ್ಯಾಸ ಬರಿಯ 38 ಸೆಂ.ಮೀ. ಎಂಬುದನ್ನು ನೆನೆದರೆ ಆ ಫಲದ ಬೆಲೆ ತಿಳಿಯುತ್ತದೆ. ಆಸ್ಟ್ರೋಸ್ಯಾಟ್‌ನ ಇನ್ನೊಂದು ಉಪಕರಣವು 2023ರ ನವೆಂಬರ್ ಹೊತ್ತಿಗೆ 600ಕ್ಕೂ ಹೆಚ್ಚು ಗಾಮಾ ಕಿರಣ ಸ್ಫೋಟಗಳನ್ನು ದಾಖಲಿಸಿತ್ತು. ₹178 ಕೋಟಿಗೆ ಇಷ್ಟು ಸರಕು ಕೊಡುವ ಅಂಗಡಿ ಬೇರೆಲ್ಲೂ ಇದ್ದಂತಿಲ್ಲ.

ಚಂದ್ರಯಾನ-2 ಮತ್ತು 3ನ್ನು ಒಟ್ಟಿಗೇ ನೋಡಬೇಕು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಲ್ಯಾಂಡರ್ ಅಪ್ಪಳಿಸಿ ನಾಶವಾದಾಗ ‘978 ಕೋಟಿ ನೀರುಪಾಲು’ ಎಂದವರಿದ್ದರು. ವಾಸ್ತವದಲ್ಲಿ ಕಳೆದುಹೋದದ್ದು ಲ್ಯಾಂಡರು ಮತ್ತು ರೋವರು, ಎಂಟು ಉಪಕರಣಗಳ ಕಕ್ಷಾನೌಕೆ ಮೇಲೆಯೇ ಉಳಿಯಿತು. ನಮ್ಮ ಮಕ್ಕಳು ಬಂಡೆಯ ಎತ್ತರ ಅಳೆದದ್ದು ಅದರದೇ ಕ್ಯಾಮೆರಾ ಕೊಟ್ಟ ಚಿತ್ರದಲ್ಲಿ. ಚಂದ್ರಯಾನ-3 ಎಲ್ಲಿ ಇಳಿಯಬೇಕೆಂದು ಬಂಡೆಗಳಿಲ್ಲದ ಜಾಗ ಆರಿಸಲು ನೆರವಾದದ್ದೂ ಅದೇ ಕ್ಯಾಮೆರಾ. ಹೊಸ ಯೋಜನೆಗೆ ಮತ್ತೊಂದು ಕಕ್ಷಾನೌಕೆ ಕಟ್ಟುವ ಅಗತ್ಯವಿರಲಿಲ್ಲವಾದ್ದರಿಂದ ಅದರ ವೆಚ್ಚವೂ ಇಳಿಯಿತು. ಹೀಗೆ, ಸೋಲೆಂದು ಹೆಸರು ಪಡೆದ ಖರ್ಚು ಮುಂದಿನ ಗೆಲುವಿನ ಬಂಡವಾಳವಾಯಿತು.

ಚಂದ್ರಯಾನ-3 ಇಳಿದ ಮೇಲೆ ಕೊಟ್ಟ ಫಲಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಗಂಧಕದ ಪತ್ತೆಯಲ್ಲ, ಉಷ್ಣತೆಯ ಅಳತೆ. ಲ್ಯಾಂಡರಿನಿಂದ ಹೊರಚಾಚಿದ ಕೋಲೊಂದು ಮಣ್ಣಿನೊಳಗೆ 10 ಸೆಂ.ಮೀ. ಇಳಿಯುವಂತೆ ಮಾಡಿ, ಅದರ ಉದ್ದಕ್ಕೂ ಇಟ್ಟ ಹತ್ತು ಸಂವೇದಕಗಳಿಂದ ಉಷ್ಣತೆಯನ್ನು ಅಳೆದರು. ಲ್ಯಾಂಡರ್ ನಿಂತ ಜಾಗ ಸೂರ್ಯನ ಕಡೆಗೆ ಆರು ಡಿಗ್ರಿಯಷ್ಟು ವಾಲಿತ್ತು, ಅಲ್ಲಿ ನೆಲದ ಉಷ್ಣತೆ 82 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಒಂದು ಮೀಟರಿನಷ್ಟು ಆಚೆ, ಸಮತಟ್ಟಾದ ನೆಲದಲ್ಲಿ 59 ಡಿಗ್ರಿ. ಒಂದು ಹೆಜ್ಜೆಯ ಅಂತರದಲ್ಲಿ 23 ಡಿಗ್ರಿ ವ್ಯತ್ಯಾಸ! ಅಂಗಳದಲ್ಲಿ ಅಡಿಕೆ ಒಣಹಾಕುವ ನಮ್ಮ ಕಡೆಯ ರೈತರಿಗೆ ಇದು ಅರ್ಥವಾಗದ ವಿಷಯವೇನಲ್ಲ, ಬಿಸಿಲಿಗೆ ಮುಖ ಕೊಟ್ಟ ಕಡೆ ಅಡಿಕೆ ಬೇಗ ಒಣಗುತ್ತದೆ. ಹಾಗಿದ್ದರೆ ಸೂರ್ಯನಿಗೆ ಬೆನ್ನು ಹಾಕಿದ ಇಳಿಜಾರುಗಳಲ್ಲಿ, ಧ್ರುವದ ತನಕ ಹೋಗದೆಯೇ, ನೆಲದಡಿ ಮಂಜುಗಡ್ಡೆ ಉಳಿದಿರಬಹುದು ಎಂಬುದು 2025ರಲ್ಲಿ ಪ್ರಕಟವಾದ ಆ ಅಧ್ಯಯನದ ತಿರುಳು. ಮುಂದೆ ಚಂದ್ರನಲ್ಲಿ ನೀರು ಹುಡುಕುವವರು ಯಾರೇ ಆಗಲಿ, ಈ ಅಂಕಿಯನ್ನು ನೋಡದೆ ಜಾಗ ಆರಿಸಲಾರರು.

ಸೂರ್ಯನ ಅಧ್ಯಯನಕ್ಕೆ ಮಾತ್ರ ನೇರ ಉಪಯೋಗದ ವಾದವೂ ಸಲ್ಲುತ್ತದೆ. 2022ರ ಫೆಬ್ರುವರಿಯಲ್ಲಿ ಸೌರ ಚಟುವಟಿಕೆಯಿಂದ ಭೂಮಿಯ ಮೇಲ್ವಾತಾವರಣ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಕೆಳಗೆ ಬಿದ್ದು ಸುಟ್ಟುಹೋದವು. ಹಾಸನದ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವ ನಮ್ಮ ಸಂವಹನ ಉಪಗ್ರಹಗಳೂ ಅದೇ ಸೂರ್ಯನ ಅಡಿಯಲ್ಲೇ ಬಾಳಬೇಕು. 2024ರ ಮೇ ತಿಂಗಳಲ್ಲಿ ಎರಡು ದಶಕಗಳಲ್ಲೇ ತೀವ್ರವಾದ ಸೌರ ಬಿರುಗಾಳಿ ಬೀಸಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿದಾಗ, ಆದಿತ್ಯ-ಎಲ್1 ಮತ್ತು ಚಂದ್ರಯಾನ-2ರಲ್ಲಿದ್ದು ಸೂರ್ಯನನ್ನು ನೋಡುವ ಎಕ್ಸ್-ಕಿರಣ ಮಾಪಕ ಎರಡೂ ಅದನ್ನು ದಾಖಲಿಸಿದವು. ಆ ಮಾಪಕದ ಕಡತಗಳು ಚಿಕ್ಕವು, ಫೋನಿನ ಹಾಟ್‌ಸ್ಪಾಟ್‌ನಲ್ಲೂ ಇಳಿಯುತ್ತವೆ. ಕೆಲವು ತಿಂಗಳ ಬಳಿಕ ನಾವು ಅವನ್ನು ತೆರೆದು ನಕ್ಷೆ ಬರೆದಾಗ ಗೆರೆ ಗೋಪುರದಂತೆ ಎದ್ದು ನಿಧಾನವಾಗಿ ಇಳಿಯುವುದನ್ನು ಮಕ್ಕಳು ಕಂಡರು. ಸುದ್ದಿಯಲ್ಲಿ ಕೇಳಿದ್ದ ಬಿರುಗಾಳಿಗೆ ಅವರ ಮಟ್ಟಿಗೆ ಅಂದು ಆಕಾರ ಬಂತು.

ಇಷ್ಟಾದ ಮೇಲೆ ಕೊರತೆಗಳ ಮಾತು. ಚಂದ್ರಯಾನ-2ರ ಲ್ಯಾಂಡರ್ ಏಕೆ ಸೋತಿತು ಎಂಬುದರ ಸಂಕ್ಷಿಪ್ತ ಕಾರಣವನ್ನು 2019ರ ನವೆಂಬರಿನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಎಂಜಿನ್‌ಗಳ ನೂಕುಬಲ ಅಂದಾಜಿಗಿಂತ ಹೆಚ್ಚಾದದ್ದು, ತಿರುಗುವ ವೇಗಕ್ಕೆ ಮಿತಿಯಿದ್ದದ್ದು, ಇಳಿಯುವ ಜಾಗವನ್ನು 500 ಮೀಟರ್ ಚೌಕಕ್ಕೆ ಸೀಮಿತಗೊಳಿಸಿದ್ದು ಇವೆಲ್ಲವನ್ನೂ ಇಸ್ರೋದ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಅವರು ಬಿಡಿಸಿ ಹೇಳಿದ್ದು 2023ರ ಜುಲೈನಲ್ಲಿ. ವೈಫಲ್ಯ ವಿಶ್ಲೇಷಣೆಯ ಪೂರ್ಣ ವರದಿ ಸಾರ್ವಜನಿಕರ ಕೈಗೆ ಬಂದಿಲ್ಲ. ಬಂಡೆಯ ಚಿತ್ರವನ್ನು ಇಷ್ಟು ಧಾರಾಳವಾಗಿ ಹಂಚುವ ವ್ಯವಸ್ಥೆ ಸೋಲಿನ ವರದಿಯನ್ನೂ ಹಂಚಬೇಕಿತ್ತು. ಹಣ ಕೊಟ್ಟವರು ಸೋಲನ್ನು ಸಹಿಸಲಾರರೆಂಬ ಅಳುಕು ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡ ಆರ್ಯಭಟವೂ ಮೂರು ವಿಜ್ಞಾನ ಪ್ರಯೋಗಗಳನ್ನು ಹೊತ್ತ ಉಪಗ್ರಹವೇ. ವಿದ್ಯುತ್ ಪೂರೈಕೆಯ ದೋಷದಿಂದ ಆ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಆದರೂ ಅದನ್ನು ಎರಡು ರೂಪಾಯಿ ನೋಟಿನ ಮೇಲೆ ಅಚ್ಚು ಹಾಕಿಸಿ, ಜೇಬಿನಲ್ಲಿಟ್ಟುಕೊಂಡು ಓಡಾಡಿದ ಜನ ನಾವು.

ಇದಕ್ಕಿಂತ ದೊಡ್ಡ ಕೊರತೆ ಜಾಲತಾಣದ ಈಚೆ ಬದಿಯಲ್ಲಿದೆ. ಕಳೆದ ವರ್ಷ ಪದವಿ ಕಾಲೇಜೊಂದರವರು, ಹೆಸರು ಬೇಡ, ಈ ದತ್ತಾಂಶದ ಬಗ್ಗೆ ಒಂದು ದಿನದ ಕಾರ್ಯಾಗಾರ ನಡೆಸಿಕೊಡಲು ನನ್ನನ್ನು ಕರೆದರು. ಗಣಕ ಪ್ರಯೋಗಾಲಯದಲ್ಲಿ ಮೂವತ್ತು ಯಂತ್ರಗಳಿದ್ದವು, ಹೊಸ ತಂತ್ರಾಂಶ ಹಾಕಲು ಬೇಕಾದ ಗುಪ್ತಪದ ಮಾತ್ರ ಯಂತ್ರ ಪೂರೈಸಿದವನ ಬಳಿ ಇತ್ತು, ಅವನು ಫೋನ್ ಎತ್ತಲಿಲ್ಲ. ಕೊನೆಗೆ ನನ್ನ ಲ್ಯಾಪ್‌ಟಾಪಿನ ಸುತ್ತ ಅರವತ್ತು ಮಂದಿ ಕತ್ತು ಚಾಚಿಕೊಂಡು ನಿಂತರು. ಅವರಲ್ಲಿ ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕನಾಗಿದ್ದ ಯುವಕನೊಬ್ಬ ಸಂಜೆಯವರೆಗೂ ಬಿಡದೆ ಪ್ರಶ್ನೆ ಕೇಳಿದ. ಇಂಥದ್ದರಲ್ಲಿ ಸಂಶೋಧನೆ ಮಾಡುವುದಿಲ್ಲವೇ ಎಂದದ್ದಕ್ಕೆ ‘ಮನೆ ನಡೆಯಬೇಕಲ್ಲ ಸಾರ್’ ಎಂದು ನಕ್ಕ.

ತೋಟಕ್ಕೆ ಕೊಳವೆಬಾವಿ ಕೊರೆಸುವಾಗ ಸಾಲ ಮಾಡಿಯಾದರೂ ಹಣ ಹೊಂದಿಸುತ್ತೇವೆ, ನೀರು ಚಿಮ್ಮಿದಾಗ ಊರೆಲ್ಲ ಬಂದು ನೋಡುತ್ತದೆ. ಆಮೇಲೆ ಹನಿ ನೀರಾವರಿಯ ಪೈಪಿಗೆ ಕಾಸಿಲ್ಲದೆ ಗಿಡದ ಬುಡಕ್ಕೆ ನೀರು ಹೋಗುವುದಿಲ್ಲ. ನಮ್ಮ ಬಾಹ್ಯಾಕಾಶ ವಿಜ್ಞಾನದ ಹೂಡಿಕೆಯಲ್ಲಿ ನನಗೆ ಕಾಣುವ ನಿಜವಾದ ದೋಷ ಇದೇ. ಸಂಶೋಧನೆಗಾಗಿ ದೇಶ ಮಾಡುವ ಒಟ್ಟು ಖರ್ಚು ಜಿಡಿಪಿಯ ಶೇ. 0.64ರಷ್ಟು. 2023ರ ಪರಿಷ್ಕರಣೆಯ ನಂತರವೂ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ ₹37,000. ಬ್ಯಾಲಾಳಿನಲ್ಲಿ ಗುಡ್ಡೆ ಬಿದ್ದಿರುವ ದತ್ತಾಂಶವನ್ನು ಓದುವುದಕ್ಕೆಂದೇ ನೂರು ಮಂದಿಗೆ ಐದು ವರ್ಷ ಈ ದರದಲ್ಲಿ ವೇತನ ಕೊಟ್ಟರೂ ಮನೆಬಾಡಿಗೆ ಭತ್ಯೆ ಬಿಟ್ಟು ತಗಲುವುದು ಸುಮಾರು ₹22 ಕೋಟಿ, ಅಂದರೆ ಚಂದ್ರಯಾನ-3ರ ವೆಚ್ಚದಲ್ಲಿ ನೂರಕ್ಕೆ ನಾಲ್ಕು ರೂಪಾಯಿಗಿಂತ ಕಡಿಮೆ. ವಿಶ್ವವಿದ್ಯಾಲಯಗಳಿಂದ ಪ್ರಸ್ತಾವ ಕರೆದು ಇಸ್ರೋ ಅನುದಾನ ಕೊಡುವುದುಂಟು, ‘ರೆಸ್ಪಾಂಡ್’ ಎಂಬ ಕಾರ್ಯಕ್ರಮ ದಶಕಗಳಿಂದ ನಡೆದುಬಂದಿದೆ. ಆದರೆ ಅದು ತಲುಪುವುದು ಪ್ರಸ್ತಾವ ಬರೆಯಬಲ್ಲ ಪ್ರಾಧ್ಯಾಪಕರಿರುವ ವಿಭಾಗಗಳನ್ನು, ಗುಪ್ತಪದಕ್ಕಾಗಿ ಫೋನ್ ಮಾಡುತ್ತಾ ಕೂರುವ ಕಾಲೇಜುಗಳನ್ನಲ್ಲ.

ಆಸ್ಪತ್ರೆ, ಶಾಲೆಗಳಿಗೆ ಹೋಗಬೇಕಾದ ಹಣವಲ್ಲವೇ ಇದು ಎಂಬ ಆಕ್ಷೇಪಕ್ಕೂ ಉತ್ತರ ಕೊಡದೆ ಈ ವಿಮರ್ಶೆ ನ್ಯಾಯವಾಗದು. ವೈದ್ಯರಿಲ್ಲದ ಆರೋಗ್ಯ ಕೇಂದ್ರದ ಮುಂದೆ ಮಗುವನ್ನು ಎತ್ತಿಕೊಂಡು ನಿಂತವರು ಈ ಪ್ರಶ್ನೆ ಕೇಳಿದರೆ ಅವರಿಗೆ ಗ್ಯಾಲಕ್ಸಿಯ ಕಥೆ ಹೇಳುವ ಧೈರ್ಯ ನನಗಿಲ್ಲ. ಅವರ ಪ್ರಶ್ನೆ ಸರಿಯಾದದ್ದು. ಆದರೆ ಅದರ ಉತ್ತರ ನೂರರಲ್ಲಿ ಇಪ್ಪತ್ತೇಳು ಪೈಸೆಯ ಇಲಾಖೆಯಲ್ಲಿದೆ ಎಂದು ತೋರಿಸುವವರು ಉಳಿದ ₹99.73ರ ಕಡೆ ಕೈ ತೋರದಿರುವುದು ನನಗೆ ಅನುಮಾನ ತರಿಸುತ್ತದೆ. ಚಂದ್ರಯಾನ ರದ್ದಾದರೆ ಆ ಹಣ ಆರೋಗ್ಯ ಕೇಂದ್ರಕ್ಕೆ ಬರುತ್ತದೆಂದು ಯಾವ ಬಜೆಟ್ ಭಾಷಣವೂ ಹೇಳಿಲ್ಲ. ಅದೇ ಹಣ ಇನ್ನೊಂದು ವಿಜ್ಞಾನಕ್ಕೆ, ಮಣ್ಣಿನ ಅಥವಾ ರೋಗಗಳ ಅಧ್ಯಯನಕ್ಕೆ ಹೋಗಬೇಕು ಎಂದು ಯಾರಾದರೂ ವಾದಿಸಿದರೆ ಅದು ಹೆಚ್ಚು ಗಟ್ಟಿಯಾದ ವಾದ. ಅದಕ್ಕೆ ನನ್ನ ಉತ್ತರ, ಎರಡಕ್ಕೂ ಸಾಲುವಷ್ಟು ದೊಡ್ಡದಾಗಿ ಶೇ. 0.64 ಬೆಳೆಯಬೇಕು ಎಂಬುದು. ಇದು ಜಾರಿಕೊಳ್ಳುವ ಉತ್ತರದಂತೆ ಕಂಡರೆ ಕಾಣಲಿ.

ಆದ್ದರಿಂದ ಐದರಲ್ಲಿ ಅಂಕ ಕೊಡಲೇಬೇಕೆಂದರೆ ನೌಕೆಗಳಿಗೂ ಅವು ಕಳುಹಿಸಿದ ಸರಕಿಗೂ ನಾಲ್ಕೂವರೆ, ಸೋಲಿನ ಲೆಕ್ಕ ಒಪ್ಪಿಸುವ ಕ್ರಮಕ್ಕೆ ಎರಡು, ಸರಕನ್ನು ಬಳಸುವವರನ್ನು ತಯಾರು ಮಾಡುವ ಕೆಲಸಕ್ಕೆ ಒಂದೂವರೆ. ಮನೆಯಲ್ಲಿ ಪ್ರೌಢಶಾಲೆ ದಾಟಿದ ಮಕ್ಕಳಿರುವವರು, ವಿಜ್ಞಾನ ಶಿಕ್ಷಕರು, ರಾತ್ರಿ ನಿದ್ದೆ ಬಾರದ ನಿವೃತ್ತರು ಧಾರಾಳವಾಗಿ ನೋಂದಾಯಿಸಿಕೊಳ್ಳಬಹುದು. ಮೊದಲ ದಿನವೇ ದೊಡ್ಡ ಚಿತ್ರಗಳಿಗೆ ಕೈ ಹಾಕಬೇಡಿ. ಚಂದ್ರಯಾನ-2ರ ಎಕ್ಸ್-ಕಿರಣ ಮಾಪಕದ ಒಂದು ದಿನದ ಕಡತ ಇಳಿಸಿಕೊಂಡು ಸೂರ್ಯನ ಏರಿಳಿತದ ಗೆರೆ ಬರೆಯಿರಿ. ಅದು ಕೈಗೆ ಹತ್ತಿದ ಮೇಲೆ ಕ್ಯಾಮೆರಾದ ಪಟ್ಟಿಗಳಿಗೆ ಹೋಗಿ, ಅದಕ್ಕೆ 16 ಜಿಬಿ ಸ್ಮರಣೆಯ ಲ್ಯಾಪ್‌ಟಾಪ್ ಇದ್ದರೆ ಅನುಕೂಲ.

ನಮ್ಮ ಮೂವರಲ್ಲಿ ಇಬ್ಬರು ಈಗ ಎಂಜಿನಿಯರಿಂಗ್ ಸೇರಿದ್ದಾರೆ, ಬಂಡೆಯ ಎತ್ತರ ಕೇಳಿದ ಹುಡುಗಿ ತುಮಕೂರಿನಲ್ಲೇ ಬಿ.ಎಸ್ಸಿ. ಓದುತ್ತಾ ಭಾನುವಾರ ಬರುತ್ತಾಳೆ. ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದ ಜಾಗ ಚಂದ್ರನ ದಕ್ಷಿಣ ಅಕ್ಷಾಂಶ 69.37 ಡಿಗ್ರಿಯಲ್ಲಿದೆ. ಆ ಪಟ್ಟಿಯಲ್ಲಿ ಲ್ಯಾಂಡರನ್ನು ಯಾರ ನೆರವೂ ಇಲ್ಲದೆ ತಾನೇ ಹುಡುಕಬೇಕೆಂಬುದು ಅವಳ ಹಟ. ಎರಡು ಮೀಟರ್ ಅಗಲದ ಲ್ಯಾಂಡರ್ ಚಿತ್ರದಲ್ಲಿ ಎಂಟು ಚುಕ್ಕಿಗಳಷ್ಟಿರಬೇಕು, ನೆರಳು ಅದಕ್ಕಿಂತ ಉದ್ದ. ಈವರೆಗೆ ಅವಳು ಗುರುತು ಹಾಕಿದ ಮೂರೂ ಬಂಡೆಗಳೇ ಆಗಿದ್ದವು. ನಾಲ್ಕನೆಯ ಪಟ್ಟಿಯನ್ನು ನಿನ್ನೆ ರಾತ್ರಿ ಹನ್ನೊಂದರ ಮೇಲೆ, ಬೀದಿಯವರೆಲ್ಲ ಫೋನ್ ಕೆಳಗಿಟ್ಟ ಹೊತ್ತಿನಲ್ಲಿ, ಇಳಿಸಲು ಹಚ್ಚಿದ್ದೇನೆ.